ದೆವ್ವ ಹುಡುಕೋಕೆ ಯಾವ ಥರ್ಮಲ್ ಕ್ಯಾಮೆರಾ ತಗೋಬೇಕು? ಪದೇ ಪದೇ ಕೇಳುವ ಪ್ರಶ್ನೆಗಳು

ನನ್ನ ಹೊಟ್ಟೆಪಾಡು ಕರೆಂಟಿನದು. ಕಾರ್ಖಾನೆಗಳ ಪ್ಯಾನೆಲ್ ಬೋರ್ಡ್ ಮುಂದೆ ಥರ್ಮಲ್ ಕ್ಯಾಮೆರಾ ಹಿಡಿದು, ಎಲ್ಲಿ ಲೂಸ್ ಕನೆಕ್ಷನ್ ಬಿಸಿಯಾಗುತ್ತಿದೆ ಅಂತ ನೋಡುವುದು ಕೆಲಸ. ನನ್ನ ಗೆಳೆಯರಿಗೆ ರಾತ್ರಿ ಹಾಳುಮನೆ ಸುತ್ತುವ ಹುಚ್ಚು. ಕ್ಯಾಮೆರಾ ಇದೆಯಲ್ಲ ಅಂತ ನನ್ನನ್ನೂ ಎಳೆದುಕೊಂಡು ಹೋಗುತ್ತಾರೆ. ಈ ವಿಷಯ ಹೇಗೋ ಹಬ್ಬಿ, ಈಗ ಯಾರ್ಯಾರೋ ಫೋನ್ ಮಾಡುತ್ತಾರೆ. ಕೇಳಿದವರ ಮಾತಿನಲ್ಲೇ ಪ್ರಶ್ನೆ ಹಾಕಿದ್ದೇನೆ. ದೆವ್ವ ಇದೆಯೋ ಇಲ್ಲವೋ ಅನ್ನುವ ಜಗಳಕ್ಕೆ ನಾನು ಬರುವುದಿಲ್ಲ. ಕ್ಯಾಮೆರಾ ಏನು ತೋರಿಸುತ್ತದೆ, ಏನು ತೋರಿಸುವುದಿಲ್ಲ ಅನ್ನುವುದಷ್ಟೇ ನನಗೆ ಗೊತ್ತಿರುವ ವಿಷಯ.

## ಶುರುವಿನಲ್ಲಿ

ಕತ್ತಲಲ್ಲಿ ಎಲ್ಲಾ ಹಸಿರಾಗಿ ಕಾಣುತ್ತಲ್ಲ, ಅದೇ ತಾನೇ ಥರ್ಮಲ್ ಕ್ಯಾಮೆರಾ?

ಅಲ್ಲ. ಹಸಿರಾಗಿ ಕಾಣುವುದು ನೈಟ್ ವಿಷನ್. ಅದು ಇರುವ ಚೂರುಪಾರು ಬೆಳಕನ್ನೇ ಹೆಚ್ಚಿಸಿ ತೋರಿಸುತ್ತದೆ. ಮನೆ ಮುಂದಿನ ಸಿಸಿಟಿವಿ ಇನ್ನೊಂದು ಬಗೆ. ನಮ್ಮ ಕಣ್ಣಿಗೆ ಕಾಣದ ಇನ್ಫ್ರಾರೆಡ್ ಎಲ್‌ಇಡಿ ಹಚ್ಚಿ, ಆ ಬೆಳಕಿನಲ್ಲಿ ಚಿತ್ರ ತೆಗೆಯುತ್ತದೆ. ದೆವ್ವದ ವಿಡಿಯೊಗಳಲ್ಲಿ ತೇಲುವ ಬಿಳಿ ಉಂಡೆಗಳು ಬಹುಪಾಲು ಇದರದ್ದೇ. ಲೆನ್ಸ್ ಹತ್ತಿರ ಹಾರುವ ಧೂಳಿಗೋ ಹುಳಕ್ಕೋ ಆ ಎಲ್‌ಇಡಿ ಬೆಳಕು ಬಡಿದು ವಾಪಸ್ ಬರುತ್ತದೆ, ಅಷ್ಟೇ.

ಥರ್ಮಲ್ ಕ್ಯಾಮೆರಾಗೆ ಬೆಳಕೇ ಬೇಡ. ವಸ್ತುಗಳ ಮೈಯಿಂದ ಹೊರಡುವ ಶಾಖದ ಕಿರಣವನ್ನು ಅದು ಹಿಡಿಯುತ್ತದೆ. ಅಲೆಯ ಉದ್ದ ಸುಮಾರು 8ರಿಂದ 14 ಮೈಕ್ರೋಮೀಟರ್. ಮಾಮೂಲಿ ಗಾಜಿನಲ್ಲಿ ಈ ಕಿರಣ ತೂರುವುದಿಲ್ಲ. ಅದಕ್ಕೇ ಲೆನ್ಸನ್ನು ಹೆಚ್ಚಾಗಿ ಜರ್ಮೇನಿಯಂ ಎಂಬ ಅರೆಲೋಹದಲ್ಲಿ ಮಾಡುತ್ತಾರೆ. ಬೆಲೆ ಜಾಸ್ತಿ ಇರುವುದಕ್ಕೆ ಇದೂ ಒಂದು ಕಾರಣ.

ದೆವ್ವ ಇರೋ ಕಡೆ ಗಾಳಿ ತಣ್ಣಗಾಗುತ್ತೆ ಅಂತಾರಲ್ಲ, ಅದು ಇದ್ರಲ್ಲಿ ನೀಲಿಯಾಗಿ ಕಾಣುತ್ತಾ?

ಕಾಣುವುದಿಲ್ಲ. ದುಡ್ಡು ಕೊಡುವ ಮೊದಲೇ ಇದನ್ನು ತಿಳಿದುಕೊಳ್ಳಿ. ಥರ್ಮಲ್ ಕ್ಯಾಮೆರಾ ನೋಡುವುದು ಮೇಲ್ಮೈಯ ಶಾಖವನ್ನು. ಗೋಡೆ, ಬಾಗಿಲು, ಚರ್ಮ, ನೆಲ ಇವನ್ನು. ಆ ಅಲೆಗಳಿಗೆ ಗಾಳಿ ಹೆಚ್ಚುಕಡಿಮೆ ಪಾರದರ್ಶಕ. ಕೋಣೆಯ ನಡುವೆ 5 ಡಿಗ್ರಿ ತಣ್ಣನೆಯ ಗಾಳಿಯ ಕಂಬ ನಿಂತಿದ್ದರೂ ಕ್ಯಾಮೆರಾ ಅದರ ಮೂಲಕ ಹಿಂದಿನ ಗೋಡೆಯನ್ನೇ ತೋರಿಸುತ್ತದೆ.

ಗಾಳಿಯ ತಂಪು ಅಳೆಯಬೇಕಾದರೆ ತಂತಿ ತುದಿಯಲ್ಲಿ ಸೆನ್ಸರ್ ಇರುವ ಡಿಜಿಟಲ್ ಥರ್ಮಾಮೀಟರ್ ತಗೊಳ್ಳಿ. ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಕ್ಯಾಮೆರಾ ಬರುವುದು ಆಮೇಲೆ, ಆ ತಣ್ಣನೆ ಗಾಳಿ ಎಲ್ಲಿಂದ ನುಗ್ಗುತ್ತಿದೆ ಅಂತ ಹುಡುಕುವಾಗ. ಗಾಳಿ ಬಡಿದು ತಣ್ಣಗಾದ ಬಾಗಿಲ ಸಂದಿ, ಕಿಟಕಿ ಅಂಚು ಚೆನ್ನಾಗಿ ಕಾಣುತ್ತವೆ.

ಲಂಡನ್ ಬಳಿಯ ಹ್ಯಾಂಪ್ಟನ್ ಕೋರ್ಟ್ ಅರಮನೆಯಲ್ಲಿ ಒಂದು ಪಡಸಾಲೆ ಇದೆ. 1542ರಲ್ಲಿ ತಲೆ ಕಡಿಸಿಕೊಂಡ ರಾಣಿ ಕ್ಯಾಥರೀನ್ ಹೊವರ್ಡ್ ಅಲ್ಲಿ ಓಡಾಡುತ್ತಾಳೆ ಅಂತ ಪ್ರತೀತಿ. ಮನಶ್ಶಾಸ್ತ್ರಜ್ಞ ರಿಚರ್ಡ್ ವೈಸ್‌ಮನ್ ತಂಡ ಕಟ್ಟಿಕೊಂಡು ಅಲ್ಲಿ ಪರೀಕ್ಷೆ ಮಾಡಿದಾಗ, ಮೈ ಥಟ್ಟನೆ ತಣ್ಣಗಾಗುತ್ತದೆ ಎಂದು ಜನ ಹೇಳುತ್ತಿದ್ದ ಕಡೆ ಹಳೆಯ ಮರೆಬಾಗಿಲುಗಳ ಸಂದಿಯಿಂದ ಗಾಳಿ ಬರುತ್ತಿತ್ತು.

ಅಣ್ಣಾ, ಪ್ಲೇ ಸ್ಟೋರ್‌ನಲ್ಲಿ ಫ್ರೀ ಥರ್ಮಲ್ ಆ್ಯಪ್ ಇದೆಯಲ್ಲ, ಅದು ಸಾಲಲ್ವಾ?

ಅದು ಬಣ್ಣ ಬಳಿಯುವ ಆ್ಯಪ್. ಬೆಳಕಿರುವ ಕಡೆ ಕೆಂಪು, ನೆರಳಿಗೆ ನೀಲಿ. ಫ್ರಿಜ್ಜಿನಿಂದ ತೆಗೆದ ಬಿಳಿ ಹಾಲಿನ ಪ್ಯಾಕೆಟ್ ಹಿಡಿದು ನೋಡಿ, ಬೆಂಕಿಯ ಹಾಗೆ ಕಾಣುತ್ತದೆ.

ಗೋಡೆ ಆಚೆ ಇರೋರು ಕಾಣ್ತಾರಾ?

ಇಲ್ಲ. ಗೋಡೆಯ ಈಚೆ ಮುಖದ ಬಿಸಿ ಮಾತ್ರ ಕಾಣುತ್ತದೆ. ಆಚೆ ಕಡೆ ಒಲೆ ಇದ್ದರೆ, ಗೋಡೆಯೊಳಗೆ ಗೀಸರಿನ ಬಿಸಿನೀರಿನ ಪೈಪ್ ಹಾದುಹೋಗಿದ್ದರೆ, ಆ ಶಾಖ ನಿಧಾನವಾಗಿ ಈಚೆ ಬಂದು ಕಾಣಬಹುದು. ಅದು ಮನುಷ್ಯನ ಆಕಾರದಲ್ಲಿ ಬಂದರೆ ಪ್ಲಂಬರನ್ನು ಕೇಳಿ.

## ಕೊಳ್ಳುವಾಗ

ನನ್ನ ಬಜೆಟ್ 30 ಸಾವಿರ. ಒಂದೇ ಮಾತಲ್ಲಿ ಹೇಳಿ, ಯಾವುದು ತಗೊಳ್ಳಲಿ?

ಫೋನಿಗೆ ಸಿಕ್ಕಿಸುವಂಥದ್ದು, 256×192 ಚುಕ್ಕೆಯ ಸೆನ್ಸರ್, 25 ಹರ್ಟ್ಜ್ (ಸೆಕೆಂಡಿಗೆ 25 ಚಿತ್ರ). ಟಾಪ್‌ಡಾನ್ ಟಿಸಿ001, ಇನ್ಫಿರೇ ಪಿ2 ಪ್ರೊ ಈ ಸಾಲಿನವು. ಫ್ಲಿರ್ ಕಂಪನಿಯ ಹೆಸರು ದೊಡ್ಡದು, ಆ್ಯಪ್ ಕೂಡ ಚೆನ್ನಾಗಿದೆ. ಆದರೆ ಅವರ ವನ್ ಪ್ರೊ 160×120, ಮೂರನೇ ತಲೆಮಾರಿನ ಸಾದಾ ವನ್ ಬರೀ 80×60. ಬೆಲೆ ಏರಿಳಿಯುತ್ತಿರುತ್ತದೆ. ಈ ವರ್ಗದ್ದು ಸುಮಾರಾಗಿ 20ರಿಂದ 40 ಸಾವಿರದ ಒಳಗೆ ಇರುತ್ತದೆ. 640×512ಕ್ಕೆ ಹೋದರೆ ಮಾತು ಲಕ್ಷಗಳಲ್ಲಿ. ಹವ್ಯಾಸಕ್ಕೆ ಅಷ್ಟು ಸುರಿಯಬೇಡಿ.

ಕೊಳ್ಳುವ ಮೊದಲು ನಿಮ್ಮ ಫೋನಿನಲ್ಲಿ ಒಟಿಜಿ (ಚಾರ್ಜಿಂಗ್ ಪೋರ್ಟಿಗೆ ಹೊರಗಿನ ಸಾಧನ ಸಿಕ್ಕಿಸುವ ಸೌಲಭ್ಯ) ಕೆಲಸ ಮಾಡುತ್ತದಾ ನೋಡಿ. ಕೆಲವು ಫೋನುಗಳಲ್ಲಿ ಅದನ್ನು ಸೆಟ್ಟಿಂಗ್‌ನಲ್ಲಿ ಪ್ರತಿ ಸಲ ಆನ್ ಮಾಡಬೇಕು. ಸುಮ್ನೆ ಬಿಟ್ಟರೆ ತಾನೇ ಆಫ್ ಆಗುತ್ತದೆ. ನಡುರಾತ್ರಿ ಹಾಳುಮನೆಯಲ್ಲಿ ಸ್ಕ್ರೀನ್ ಕಪ್ಪಾದಾಗ ನಮ್ಮ ಗುಂಪಿನ ಒಬ್ಬ ಆಂಜನೇಯನ ಹೆಸರು ಹೇಳಿಕೊಂಡು ಗೇಟ್ ತನಕ ಓಡಿದ್ದ. ಇನ್ನೊಂದು, ಒಂದು ಗೇಣುದ್ದದ ಟೈಪ್‌-ಸಿ ಎಕ್ಸ್‌ಟೆನ್ಷನ್ ಕೇಬಲ್ ತಗೊಳ್ಳಿ. ಫೋನಿನ ತಳದಲ್ಲಿ ಕ್ಯಾಮೆರಾ ಕೋಡಿನ ಹಾಗೆ ಚಾಚಿಕೊಂಡಿರುತ್ತದೆ. ಕತ್ತಲಲ್ಲಿ ಬಾಗಿಲಿಗೆ ತಗಲಿದರೆ ಚಾರ್ಜಿಂಗ್ ಪೋರ್ಟೇ ಕಿತ್ತುಬರುತ್ತದೆ.

ಫೋನ್ ಕ್ಯಾಮೆರಾ 50 ಮೆಗಾಪಿಕ್ಸೆಲ್ ಇರುತ್ತೆ. ಇದು 80×60 ಅಂದ್ರೆ ಏನು ತಮಾಷೆನಾ?

80×60 ಅಂದರೆ ಒಟ್ಟು 4,800 ಚುಕ್ಕೆ. ಲೆಕ್ಕ ಹಾಕಿ ನೋಡೋಣ. 56 ಡಿಗ್ರಿ ಅಗಲ ನೋಡುವ ಲೆನ್ಸ್ 5 ಮೀಟರ್ ದೂರದಲ್ಲಿ ಸುಮಾರು 5.3 ಮೀಟರ್ ಅಗಲದ ಜಾಗವನ್ನು ಹಿಡಿಯುತ್ತದೆ. ಅದನ್ನು 80 ಚುಕ್ಕೆಗೆ ಹಂಚಿದರೆ ಒಂದು ಚುಕ್ಕೆಗೆ ಆರೂವರೆ ಸೆಂಟಿಮೀಟರ್. ಮನುಷ್ಯನ ಮುಖ 15 ಸೆಂಟಿಮೀಟರ್ ಅಗಲ ಅಂದುಕೊಂಡರೆ ಎರಡು ಚುಕ್ಕೆ. 10 ಮೀಟರ್ ದೂರ ಹೋದರೆ ಒಂದೇ ಚುಕ್ಕೆ. ಅದೇ 256 ಚುಕ್ಕೆಯದ್ದಾದರೆ 5 ಮೀಟರಿನಲ್ಲಿ ಮುಖಕ್ಕೆ ಏಳು ಚುಕ್ಕೆ ಸಿಗುತ್ತದೆ.

ಈಗ ಎರಡು ಚುಕ್ಕೆಯ ಚಿತ್ರವನ್ನು ಸಾಫ್ಟ್‌ವೇರ್ ನಯ ಮಾಡಿ, ಹಿಗ್ಗಿಸಿ, ಅಂಚು ತಿದ್ದಿ ತೋರಿಸುತ್ತದೆ. ಅಲ್ಲಿ ಮುಖ ಕಾಣುವುದು ಸುಲಭ. ಬೆಕ್ಕೂ ಮುಖವೇ, ಬಲ್ಬ್ ಹೋಲ್ಡರ್ ಕೂಡ ಮುಖವೇ. ಹಾಗಾಗಿ ಡಬ್ಬದ ಮೇಲೆ 'ಸೂಪರ್ ರೆಸಲ್ಯೂಶನ್ 512×384' ಅಂತ ಇದ್ದರೆ ಅದಕ್ಕೆ ಮರುಳಾಗಬೇಡಿ. ಒಳಗಿನ ಸೆನ್ಸರ್ ಎಷ್ಟು ಅಂತ ಕೇಳಿ.

ಎನ್‌ಇಟಿಡಿ ಅಂತ ಬರೆದಿರ್ತಾರಲ್ಲ, ಅದು ಕಡಿಮೆ ಇರಬೇಕಾ ಜಾಸ್ತಿ ಇರಬೇಕಾ?

ಕಡಿಮೆ ಇದ್ದಷ್ಟೂ ಒಳ್ಳೆಯದು. ಎಷ್ಟು ಸಣ್ಣ ವ್ಯತ್ಯಾಸವನ್ನು ಗುರುತಿಸಬಲ್ಲದು ಅನ್ನುವ ಅಳತೆ ಅದು. 40 ಮಿಲಿಕೆಲ್ವಿನ್ ಅಂದರೆ 0.04 ಡಿಗ್ರಿ. ಮನುಷ್ಯನನ್ನು ನೋಡಲು ಇಷ್ಟು ಸೂಕ್ಷ್ಮ ಬೇಕಿಲ್ಲ. ಗೋಡೆಯೊಳಗಿನ ಪಸೆ, ನೆಲದ ಮೇಲಿನ ಹೆಜ್ಜೆ ಇವೆಲ್ಲ ಕಾಣಬೇಕಾದರೆ 50ಕ್ಕಿಂತ ಕಡಿಮೆ ಇರಲಿ.

ಆದರೆ ಸೂಕ್ಷ್ಮತೆ ಬೇರೆ, ನಿಖರತೆ ಬೇರೆ. ಇದೇ ಕ್ಯಾಮೆರಾಗಳಲ್ಲಿ ತಾಪಮಾನದ ಅಂಕಿ 2 ಡಿಗ್ರಿ ಆಚೆ ಈಚೆ ಇರಬಹುದು ಅಂತ ಕಂಪನಿಗಳೇ ಬರೆದಿರುತ್ತವೆ. 'ಹನ್ನೊಂದು ಗಂಟೆಗೆ 24.1 ಇತ್ತು, ಹನ್ನೆರಡಕ್ಕೆ 22.8 ಆಯ್ತು, ನೋಡಿ!' ಅಂದರೆ ಅದರಲ್ಲಿ ಏನೂ ಇಲ್ಲ.

9 ಹರ್ಟ್ಜ್ ಸಾಕಾ, 25 ಬೇಕೇ ಬೇಕಾ?

ಪ್ಯಾನೆಲ್ ಬೋರ್ಡ್ ನೋಡಲು 9 ಧಾರಾಳ. ಅದು ಓಡಿಹೋಗುವುದಿಲ್ಲ. ನಡೆದಾಡುತ್ತ ನೋಡುವವರಿಗೆ 25 ಬೇಕು. ಸೆಕೆಂಡಿಗೆ ಒಂಬತ್ತೇ ಚಿತ್ರ ಬಂದರೆ ಬಾವಲಿ ಹಾರಿದ್ದು ಹೊಗೆಯ ಪಟ್ಟಿಯ ಹಾಗೆ ಕಾಣುತ್ತದೆ. 9 ಅನ್ನುವ ಅಂಕಿ ಎಲ್ಲಿಂದ ಬಂತು ಅಂದರೆ, ಥರ್ಮಲ್ ಸೆನ್ಸರ್ ಸೈನ್ಯಕ್ಕೂ ಬೇಕಾದ ವಸ್ತು. ಹಲವು ದೇಶಗಳ ರಫ್ತು ನಿಯಮದಲ್ಲಿ 9 ಹರ್ಟ್ಜ್ ಅಥವಾ ಅದಕ್ಕಿಂತ ನಿಧಾನದ ಕ್ಯಾಮೆರಾಗಳಿಗೆ ಬಿಗಿ ಕಡಿಮೆ.

ಎಂಎಸ್‌ಎಕ್ಸ್ ಇರೋದೇ ತಗೊಳ್ಳಿ ಅಂತ ಅಂಗಡಿಯವರು ಹೇಳಿದ್ರು. ಹೌದಾ?

ಫ್ಲಿರ್ ಕಂಪನಿಯ ಈ ಸೌಲಭ್ಯದಲ್ಲಿ ಮಾಮೂಲಿ ಕ್ಯಾಮೆರಾದ ಚಿತ್ರದಿಂದ ಅಂಚುಗಳನ್ನು ತೆಗೆದು ಥರ್ಮಲ್ ಚಿತ್ರದ ಮೇಲೆ ಗೆರೆ ಹಾಕುತ್ತಾರೆ. ಹಗಲಲ್ಲಿ ಬಹಳ ಉಪಯೋಗ. ಬೋರ್ಡಿನ ಮೇಲಿನ ನಂಬರ್ ಕೂಡ ಓದಬಹುದು. ಕತ್ತಲಲ್ಲಿ ಗೆರೆ ಎಳೆಯಲು ಬೆಳಕೇ ಇಲ್ಲ. ಜೊತೆಗೆ ಎರಡು ಲೆನ್ಸ್ ಅಕ್ಕಪಕ್ಕ ಇರುವುದರಿಂದ, ಹತ್ತಿರದ ವಸ್ತುವಿಗೆ ಗೆರೆ ಒಂದು ಕಡೆ, ಬಿಸಿ ಒಂದು ಕಡೆ ಬರುತ್ತದೆ. ಒಬ್ಬ ಮನುಷ್ಯನ ಪಕ್ಕ ಇನ್ನೊಬ್ಬನ ನೆರಳು ನಿಂತ ಹಾಗೆ! ಇರಲಿ ಬಿಡಿ, ಆದರೆ ರಾತ್ರಿ ಆಫ್ ಮಾಡಿ.

ಸೆಕೆಂಡ್ ಹ್ಯಾಂಡ್ ತಗೊಳ್ಳಬಹುದಾ?

ತಗೊಳ್ಳಬಹುದು, ಕಣ್ಣು ತೆರೆದುಕೊಂಡು. ನಾನು ಮೊದಲು ತಗೊಂಡಿದ್ದು ಹಳೆಯದೇ. ಮೂರು ಬೇರೆ ಬೇರೆ ಮನೆಗಳಲ್ಲಿ ಚಿತ್ರದ ಎಡ ಮೇಲ್ಭಾಗದಲ್ಲಿ ಪುಟ್ಟ ಕಪ್ಪು ಉಂಡೆ ಬಂತು. 'ಇದು ನಮ್ಮ ಹಿಂದೇನೇ ಬರ್ತಿದೆ ಕಣೋ' ಅಂತ ಗೆಳೆಯ ಪಿಸುಗುಟ್ಟಿದ. ಮನೆಗೆ ಬಂದು ಅಡುಗೆಮನೆ ಗೋಡೆಗೆ ಹಿಡಿದೆ. ಅಲ್ಲೂ ಇತ್ತು. ಸೆನ್ಸರಿನಲ್ಲಿ ಸತ್ತ ಪಿಕ್ಸೆಲ್‌ಗಳ ಒಂದು ಗುಂಪು. ಕೊಳ್ಳುವಾಗ ಒಂದೇ ಬಣ್ಣದ ಖಾಲಿ ಗೋಡೆಗೆ ಹಿಡಿದು ನಿಧಾನಕ್ಕೆ ಆಚೆ ಈಚೆ ತಿರುಗಿಸಿ. ಗೋಡೆಯ ಕಲೆ ಗೋಡೆಯಲ್ಲೇ ಇರುತ್ತದೆ, ಸೆನ್ಸರಿನ ಕಲೆ ನಿಮ್ಮ ಜೊತೆ ಬರುತ್ತದೆ.

ನಾನು ಇಂಜಿನಿಯರಿಂಗ್ ಸ್ಟೂಡೆಂಟ್, ಕಾಸಿಲ್ಲ. ನಾನೇ ಮಾಡ್ಕೋಬಹುದಾ?

ಖಂಡಿತ. ಮೆಲೆಕ್ಸಿಸ್ ಕಂಪನಿಯ ಎಂಎಲ್‌ಎಕ್ಸ್90640 ಸೆನ್ಸರ್ 32×24 ಚುಕ್ಕೆ ಕೊಡುತ್ತದೆ. ಪ್ಯಾನಾಸೋನಿಕ್‌ನ ಎಎಂಜಿ8833 ಬರೀ 8×8. ಬೆಂಗಳೂರಿನ ಎಸ್‌.ಪಿ. ರೋಡಿನಲ್ಲಿ ವಿಚಾರಿಸಿ, ಇಲ್ಲವೇ ಆನ್‌ಲೈನಿನಲ್ಲಿ ತರಿಸಿ. ಇಎಸ್‌ಪಿ32 ಎಂಬ ಪುಟ್ಟ ಕಂಪ್ಯೂಟರ್ ಬೋರ್ಡಿಗೆ ಜೋಡಿಸಿದರೆ ಆಯಿತು. ಮುಖ ಕಾಣುವುದಿಲ್ಲ. ಆದರೆ 'ಈ ಮೂಲೆಯಲ್ಲಿ ರಾತ್ರಿಯಿಡೀ ಬಿಸಿಯ ವಸ್ತು ಏನಾದರೂ ಹಾದುಹೋಯಿತಾ' ಅಂತ ದಾಖಲಿಸಲು ಸಾಕು. ಕೈಯಲ್ಲಿ ಹಿಡಿದು ತಿರುಗುವ ಕ್ಯಾಮೆರಾಗಿಂತ ಒಂದೇ ಕಡೆ ಕೂತು ಬರೆದುಕೊಳ್ಳುವ ಇಂಥ ಪೆಟ್ಟಿಗೆಯನ್ನೇ ನಾನು ಜಾಸ್ತಿ ನಂಬುತ್ತೇನೆ.

## ಜಾಗಕ್ಕೆ ಹೋದಮೇಲೆ

ಆಗಾಗ 'ಟಿಕ್' ಅಂತ ಸದ್ದಾಗಿ ಚಿತ್ರ ನಿಂತುಬಿಡುತ್ತೆ. ಏನೋ ಅಡ್ಡ ಬಂತಾ?

ಅಡ್ಡ ಬಂದದ್ದು ಕ್ಯಾಮೆರಾದ್ದೇ ಮುಚ್ಚಳ. ಒಳಗೆ ಒಂದು ಚಿಕ್ಕ ಶಟರ್ ಇದೆ. ಕೆಲವು ನಿಮಿಷಕ್ಕೊಮ್ಮೆ ಅದು ಸೆನ್ಸರ್ ಮುಂದೆ ಬರುತ್ತದೆ. ಒಂದೇ ಬಿಸಿಯ ಆ ತಗಡನ್ನು ನೋಡಿ ಎಲ್ಲಾ ಪಿಕ್ಸೆಲ್‌ಗಳೂ ತಮ್ಮನ್ನು ಸರಿಮಾಡಿಕೊಳ್ಳುತ್ತವೆ. ಆನ್ ಮಾಡಿದ ಮೊದಲ ಹತ್ತು ನಿಮಿಷ ಇದು ಜಾಸ್ತಿ. ಅಷ್ಟು ಹೊತ್ತು ಕಾದು ಆಮೇಲೆ ಕೆಲಸ ಶುರುಮಾಡಿ. ಎಸಿ ಕಾರಿನಿಂದ ಇಳಿದ ತಕ್ಷಣವಂತೂ ಬೇಡ. ಮಲೆನಾಡಿನ ಮಳೆಗಾಲದಲ್ಲಿ ಲೆನ್ಸ್ ಮೇಲೆ ಇಬ್ಬನಿ ಕೂತು ಎಲ್ಲಾ ಮಸುಕು.

ಸರ್, ಗೋಡೆ ಮೇಲೆ ಮನುಷ್ಯ ಕೂತ ಹಾಗೆ ಬಿಸಿ ಆಕಾರ ಬಂತು. ಅಲ್ಲಿ ಯಾರೂ ಇರಲಿಲ್ಲ!

ಸ್ವಲ್ಪ ಹೊತ್ತಿನ ಮುಂಚೆ ಯಾರಿದ್ದರು?

ತೀರ್ಥಹಳ್ಳಿ ಕಡೆಯ ಒಂದು ಹಳೆ ತೊಟ್ಟಿಮನೆ. ರಾತ್ರಿ ಎರಡು ಗಂಟೆ. ಜಗುಲಿಯ ಗೋಡೆಯಲ್ಲಿ ಭುಜ, ಬೆನ್ನು, ತಲೆಯ ಗುಂಡು ಗುರುತು, ಎಲ್ಲಾ ಕಿತ್ತಳೆ ಬಣ್ಣದಲ್ಲಿ. ತಲೆ ಮಾತ್ರ ಒಂದು ಕಡೆ ವಾಲಿದೆ. ಎಲ್ಲರೂ ಉಸಿರು ಬಿಗಿಹಿಡಿದಿದ್ದೆವು. ನೋಡುತ್ತಾ ನೋಡುತ್ತಾ ಮೊದಲು ತಲೆ ಮಾಸಿತು, ಆಮೇಲೆ ಭುಜ, ಕೊನೆಗೆ ಬೆನ್ನಿನ ನಡುವಿನ ಒಂದು ಪಟ್ಟಿ ಉಳಿಯಿತು. ಆಗ ಕಾರು ಓಡಿಸಿಕೊಂಡು ಬಂದಿದ್ದ ಹುಡುಗ ಕೆಮ್ಮಿ ಹೇಳಿದ: 'ಅಣ್ಣಾ, ನಾನೇ ಅಲ್ಲಿ ಒರಗ್ಕೊಂಡು ಒಂದು ಗಳಿಗೆ ತೂಕಡಿಸಿದ್ದೆ.'

ಮೈ ತಾಗಿದ ಕಡೆ ಶಾಖ ಉಳಿಯುತ್ತದೆ. ಅಂಗೈ ಗುರುತು ಗೋಡೆ ಮೇಲೆ ಸ್ವಲ್ಪ ಹೊತ್ತು, ಹಾಸಿಗೆ ಮೇಲೆ ಮಲಗಿದ ಗುರುತು ಇನ್ನೂ ಜಾಸ್ತಿ ಹೊತ್ತು. ಪರೀಕ್ಷೆ ಸುಲಭ. ಆಕಾರ ಹಾಗೇ ಕುಂದುತ್ತಾ ಹೋದರೆ ಉಳಿದ ಶಾಖ. ಕುಂದದೆ ಗಂಟೆಗಟ್ಟಲೆ ನಿಂತರೆ ಗೋಡೆಯದ್ದೇ ಗುಣ. ದಪ್ಪ ಜಂಬಿಟ್ಟಿಗೆ ಗೋಡೆ ಹಗಲಿನ ಬಿಸಿಲನ್ನು ನಡುರಾತ್ರಿಯವರೆಗೂ ಬಿಡುತ್ತಿರುತ್ತದೆ. ಎಲ್ಲಿ ಪಸೆ ಇದೆಯೋ ಅಲ್ಲಿ ನೀರು ಆರಿ ತಣ್ಣಗೆ ಕಾಣುತ್ತದೆ. ಜಾಗ ಬದಲಿಸಿದರೆ ಮಾತ್ರ ಅಟ್ಟದ ಕಡೆ ನೋಡಿ. ಮರಬೆಕ್ಕೋ ಇಲಿಯೋ ಗೂಬೆಯೋ ಇರುತ್ತದೆ.

ಕಿಟಕಿ ಗಾಜಿನ ಒಳಗೆ ಒಬ್ಬರು ನಿಂತು ನಮ್ಮನ್ನೇ ನೋಡ್ತಿದ್ರು…

ಕೈ ಎತ್ತಿ ನೋಡಿ. ಅವರೂ ಎತ್ತುತ್ತಾರೆ. ಶಾಖದ ಕಿರಣ ಗಾಜಿನಲ್ಲಿ ತೂರುವುದಿಲ್ಲ, ಆದರೆ ಅದರಲ್ಲಿ ಪ್ರತಿಫಲಿಸುತ್ತದೆ. ಪಾಲಿಶ್ ಮಾಡಿದ ಗ್ರಾನೈಟ್, ಹಿತ್ತಾಳೆ ಬಿಂದಿಗೆ, ಸ್ಟೀಲ್ ಡಬ್ಬ ಎಲ್ಲಾ ಹೀಗೇ. ಹೊಳೆಯುವ ಲೋಹದ ಮೇಲೆ ಕ್ಯಾಮೆರಾ ತೋರಿಸುವ ಡಿಗ್ರಿಯನ್ನಂತೂ ನಂಬಲೇಬೇಡಿ. ಅದು ಪಾತ್ರೆಯ ಬಿಸಿಯಲ್ಲ, ಎದುರಿಗಿರುವವರದ್ದು. ನಮ್ಮ ಕೆಲಸದಲ್ಲಿ ತಾಮ್ರದ ಬಸ್‌ಬಾರ್ (ಕರೆಂಟ್ ಹರಿಯುವ ದಪ್ಪ ಪಟ್ಟಿ) ನೋಡುವಾಗ ಅದರ ಮೇಲೆ ಕಪ್ಪು ಇನ್ಸುಲೇಷನ್ ಟೇಪ್ ಅಂಟಿಸಿಟ್ಟಿದ್ದರೆ ಅಲ್ಲಿ ಅಳೆಯುವುದು ಇದಕ್ಕೇ.

ಖಾಲಿ ರೂಮಲ್ಲೂ ಬಣ್ಣ ಅಲೆ ಅಲೆಯಾಗಿ ಓಡಾಡುತ್ತೆ. ಕ್ಯಾಮೆರಾ ಕೆಟ್ಟಿದೆಯಾ?

ಕೆಟ್ಟಿಲ್ಲ. ಕ್ಯಾಮೆರಾ ತನಗೆ ಕಂಡ ಕನಿಷ್ಠಕ್ಕೆ ನೀಲಿ, ಗರಿಷ್ಠಕ್ಕೆ ಬಿಳಿ ಹಚ್ಚುತ್ತದೆ. ಕೋಣೆಯಲ್ಲಿ ವ್ಯತ್ಯಾಸವೇ ಅರ್ಧ ಡಿಗ್ರಿ ಇದ್ದರೆ ಆ ಅರ್ಧ ಡಿಗ್ರಿಗೇ ಇಡೀ ಬಣ್ಣದ ಪೆಟ್ಟಿಗೆ ಖರ್ಚು ಮಾಡುತ್ತದೆ. ಸೆನ್ಸರಿನೊಳಗಿನ ಸಣ್ಣಪುಟ್ಟ ಏರುಪೇರೂ (ನಾಯ್ಸ್) ಬಣ್ಣವಾಗಿ ಕುಣಿಯುತ್ತದೆ. ಸೆಟ್ಟಿಂಗ್‌ನಲ್ಲಿ ವ್ಯಾಪ್ತಿಯನ್ನು 18ರಿಂದ 36 ಡಿಗ್ರಿ ಅಂತ ಲಾಕ್ ಮಾಡಿ. ಈ ಲಾಕ್ ಇಲ್ಲದ ಆ್ಯಪ್ ಇದ್ದರೆ ಆ ಕ್ಯಾಮೆರಾ ಕೊಳ್ಳಬೇಡಿ. ಬಣ್ಣದ ಬದಲು ಕಪ್ಪು-ಬಿಳುಪು ಇಟ್ಟುಕೊಂಡರೆ ಕಣ್ಣಿಗೆ ಮೋಸವೂ ಕಡಿಮೆ.

ಕ್ಯಾಮೆರಾ ಇದ್ರೆ ಟಾರ್ಚ್ ಬೇಡ್ವಾ? ಒಳಗೆ ಹೋಗೋಕೆ ಪರ್ಮಿಷನ್ ಬೇಕಾ?

ಟಾರ್ಚ್ ಬೇಕೇ ಬೇಕು. ಹಾವಿನ ಮೈ ಸುತ್ತಲಿನ ನೆಲದಷ್ಟೇ ಬಿಸಿ ಇರುತ್ತದೆ. ಥರ್ಮಲ್‌ನಲ್ಲಿ ಅದು ಕಾಣದೇ ಹೋಗಬಹುದು. ಪಾಳುಬಾವಿ, ಕೊಳೆತ ಅಟ್ಟದ ಹಲಗೆ ಇವೂ ಅಷ್ಟೇ.

ಪರ್ಮಿಷನ್ ಅಂದರೆ, ಮನೆ ಹಾಳಾಗಿದ್ದರೂ ಮಾಲೀಕರು ಇರುತ್ತಾರೆ. ಕೇಳಿಕೊಂಡು ಹೋಗಿ, ಊರಿನ ಒಬ್ಬರಿಗಾದರೂ ಹೇಳಿರಿ. ಪುರಾತತ್ವ ಇಲಾಖೆಯ ಸ್ಮಾರಕಗಳಿಗೆ ಸಾಮಾನ್ಯವಾಗಿ ಕತ್ತಲಾದ ಮೇಲೆ ಪ್ರವೇಶವಿಲ್ಲ. ರಾಜಸ್ಥಾನದ ಭಾನಗಢ ಕೋಟೆಯ ಬೋರ್ಡನ್ನು ದೆವ್ವಕ್ಕೆ ಸರ್ಕಾರದ ಸಾಕ್ಷಿ ಅಂತ ಹಂಚಿಕೊಳ್ಳುತ್ತಾರಲ್ಲ, ಅದರಲ್ಲಿ ಇರುವುದೂ ಸೂರ್ಯಾಸ್ತದ ನಂತರ ಬರಬೇಡಿ ಅಂತಲೇ. ಇನ್ನು ಕಾಡಿನ ಕಡೆ ರಾತ್ರಿ ಥರ್ಮಲ್ ಹಿಡಿದು ಹೋದರೆ ಅರಣ್ಯ ಇಲಾಖೆಯವರು ನಿಮ್ಮನ್ನು ಬೇಟೆಗಾರರು ಅಂದುಕೊಳ್ಳುತ್ತಾರೆ. ಅವರ ತಪ್ಪಲ್ಲ.

## ಸ್ವಲ್ಪ ಆಳಕ್ಕೆ

ಕ್ಯಾಮೆರಾದಲ್ಲಿ ಏನೂ ಇಲ್ಲ, ಆದ್ರೂ ಅಲ್ಲಿ ನಿಂತ್ರೆ ಮೈ ಜುಮ್ ಅನ್ನುತ್ತೆ. ಯಾಕೆ?

ಎಲ್ಲದಕ್ಕೂ ಶಾಖವೇ ಕಾರಣವಲ್ಲವಲ್ಲ. ಇಂಗ್ಲೆಂಡಿನ ವಿಕ್ ಟ್ಯಾಂಡಿ ಎಂಬ ಇಂಜಿನಿಯರ್ ಕೆಲಸ ಮಾಡುತ್ತಿದ್ದ ಪ್ರಯೋಗಾಲಯದಲ್ಲಿ ಜನರಿಗೆ ದಿಗಿಲಾಗುತ್ತಿತ್ತು. ಒಂದು ರಾತ್ರಿ ಅವರಿಗೇ ಕಣ್ಣಂಚಿನಲ್ಲಿ ಬೂದು ಆಕಾರ ಕಂಡಿತು. ಮರುದಿನ ಕತ್ತಿವರಸೆ ಪಂದ್ಯಕ್ಕೆಂದು ಕತ್ತಿಯನ್ನು ವೈಸ್‌ನಲ್ಲಿ ಬಿಗಿದಿಟ್ಟರೆ, ಅದರ ತುದಿ ತಾನಾಗಿ ನಡುಗುತ್ತಿತ್ತು. ಹುಡುಕಿದಾಗ ಹೊಸದಾಗಿ ಹಾಕಿದ್ದ ಎಕ್ಸಾಸ್ಟ್ ಫ್ಯಾನ್ ಸಿಕ್ಕಿತು. ಸುಮಾರು 19 ಹರ್ಟ್ಜ್‌ನ (ಇಲ್ಲಿ ಸೆಕೆಂಡಿಗೆ 19 ಕಂಪನ), ಕಿವಿಗೆ ಕೇಳದ ಸದ್ದು ಅಲ್ಲಿ ತುಂಬಿತ್ತು. ಫ್ಯಾನ್ ಸರಿಮಾಡಿದ ಮೇಲೆ ಕಾಟ ನಿಂತಿತು. 1998ರಲ್ಲಿ ಈ ಬಗ್ಗೆ ಪ್ರಬಂಧ ಬರೆದರು.

ಇನ್ನೊಂದು ಪ್ರಾಣಕ್ಕೇ ಬರುವಂಥದ್ದು, ಕಾರ್ಬನ್ ಮೊನಾಕ್ಸೈಡ್ (ಸಿಒ) ಅನ್ನುವ ವಿಷಾನಿಲ. 1921ರಲ್ಲಿ ವಿಲಿಯಂ ವಿಲ್ಮರ್ ಎಂಬ ಅಮೆರಿಕದ ಕಣ್ಣಿನ ವೈದ್ಯರು ಒಂದು ಕುಟುಂಬದ ಕಥೆ ಬರೆದಿದ್ದಾರೆ. ಹೆಜ್ಜೆ ಸದ್ದು, ನೆರಳು, ತಲೆನೋವು, ಗಿಡ ಬಾಡುವುದು. ಮನೆಯನ್ನು ಬೆಚ್ಚಗಿಡುವ ಕುಲುಮೆ (ಫರ್ನೇಸ್) ಕೆಟ್ಟು ಹೊಗೆ ಒಳಗೇ ತುಂಬುತ್ತಿತ್ತು. ನಮ್ಮಲ್ಲಿ ಕುಲುಮೆ ಇಲ್ಲ, ಆದರೆ ಕಿಟಕಿ ಮುಚ್ಚಿದ ಬಚ್ಚಲಿನಲ್ಲಿ ಗ್ಯಾಸ್ ಗೀಸರ್ ಇದೆ. ಈ ಅನಿಲ ಇಂಥ ಥರ್ಮಲ್ ಕ್ಯಾಮೆರಾಗೆ ಕಾಣುವುದಿಲ್ಲ. ಒಂದು ಸಿಒ ಅಲಾರಂ ಕೊಂಡು ಇಡಿ. ಮನೆಗೆ ಬಂದಾಗೆಲ್ಲ ತಲೆ ಸುತ್ತಿ, ಹೊರಗೆ ಹೋದರೆ ಸರಿಹೋಗುತ್ತಿದ್ದರೆ ಮೊದಲು ಹೊರಗೆ ಬನ್ನಿ, ಆಮೇಲೆ ಯೋಚಿಸಿ.

ನಾವು ತೆಗೆದ ಚಿತ್ರನ ಯಾರೂ ನಂಬಲ್ಲ. ನಂಬೋ ಹಾಗೆ ಇಡೋದು ಹೇಗೆ?

ರೇಡಿಯೋಮೆಟ್ರಿಕ್ ಫೈಲ್ ಉಳಿಸುವ ಕ್ಯಾಮೆರಾ ಇರಬೇಕು. ಅದರಲ್ಲಿ ಬರೀ ಬಣ್ಣದ ಚಿತ್ರವಲ್ಲ, ಪ್ರತಿ ಚುಕ್ಕೆಯ ಡಿಗ್ರಿಯೂ ಇರುತ್ತದೆ. ಆಮೇಲೆ ಯಾರು ಬೇಕಾದರೂ ಬಣ್ಣ ಬದಲಿಸಿ, ವ್ಯಾಪ್ತಿ ಬದಲಿಸಿ ಪರೀಕ್ಷಿಸಬಹುದು. ಸ್ಕ್ರೀನ್‌ಶಾಟ್ ಕಳಿಸಿದರೆ ನಾನಂತೂ ಏನೂ ಹೇಳುವುದಿಲ್ಲ.

ಆಮೇಲೆ ಟ್ರೈಪಾಡ್. ಒಳಗೆ ಯಾರೂ ಹೋಗುವ ಮೊದಲೇ ಪ್ರತಿ ಕೋಣೆಯ ಒಂದು ಚಿತ್ರ. ಯಾರು ಎಷ್ಟು ಹೊತ್ತಿಗೆ ಎಲ್ಲಿ ಕೂತರು, ಎಲ್ಲಿ ಕೈ ಊರಿದರು ಅಂತ ನೋಟ್‌ಬುಕ್ಕಿನಲ್ಲಿ ಬರೆಯಲು ಒಬ್ಬರು. ಬೇಸರದ ಕೆಲಸ, ಗೊತ್ತು. ಆ ಜಗುಲಿ ಗೋಡೆಯ ರಾತ್ರಿ ನಮ್ಮ ಹತ್ತಿರ ಈ ನೋಟ್‌ಬುಕ್ ಇದ್ದಿದ್ದರೆ ಅರ್ಧ ಗಂಟೆ ನಡುಗುವುದು ತಪ್ಪುತ್ತಿತ್ತು. ಏನೋ ಕಂಡಿತಾ? ಅದೇ ಜಾಗ, ಅದೇ ಹೊತ್ತು, ನಾಳೆ ಮತ್ತೆ ಹೋಗಿ.

ನಮ್ಮ ತಂಗಿ ಮೈಮೇಲೆ ಬರುತ್ತೆ. ಕ್ಯಾಮೆರಾ ತಗೊಂಡು ಒಂದ್ಸಲ ಬರ್ತೀರಾ?

ಇಲ್ಲಮ್ಮ, ಬರುವುದಿಲ್ಲ. ಕ್ಯಾಮೆರಾ ಅವರ ಮೈಯ ಬಿಸಿ ತೋರಿಸುತ್ತದೆ, ಸಂಕಟ ತೋರಿಸುವುದಿಲ್ಲ. ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. 14416ಕ್ಕೆ ಫೋನ್ ಮಾಡಿದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಸಿಗುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ದೆವ್ವ ಬಿಡಿಸುತ್ತೇನೆ ಅಂತ ಹೊಡೆಯುವುದು, ಬರೆ ಹಾಕುವುದು ಮಾಡಿದರೆ ಅದು 2017ರ ಕರ್ನಾಟಕದ ಕಾಯ್ದೆಯ ಪ್ರಕಾರ ಅಪರಾಧ.

ಈ ಹುಚ್ಚು ಬಿಟ್ಟ ಮೇಲೆ ಕ್ಯಾಮೆರಾ ದಂಡ ಅಲ್ವಾ?

ಮನೆಯಲ್ಲಿ ತಾರಸಿ ಸೋರುವುದು ಎಲ್ಲಿಂದ ಅಂತ ನೋಡಿ. ಫ್ರಿಜ್ ಬಾಗಿಲಿನ ರಬ್ಬರ್ ನೋಡಿ. ಗೀಸರ್ ಆನ್ ಮಾಡಿ ಹತ್ತು ನಿಮಿಷ ಬಿಟ್ಟು ಎಂಸಿಬಿ ಡಬ್ಬದ ಕಡೆ ಹಿಡಿಯಿರಿ. ಒಂದು ಸ್ವಿಚ್ ಮಾತ್ರ ಅಕ್ಕಪಕ್ಕದವಕ್ಕಿಂತ ಬೆಳ್ಳಗೆ ಕಂಡರೆ ಎಲೆಕ್ಟ್ರಿಷಿಯನ್‌ಗೆ ಹೇಳಿ ತಂತಿ ಬಿಗಿ ಮಾಡಿಸಿ. ಆ ತೊಟ್ಟಿಮನೆಯಲ್ಲೂ ಅದೇ ಆಗಿತ್ತು. ಮಾರನೇ ದಿನ ಬೆಳಗ್ಗೆ ಹೊರಡುವಾಗ ಸುಮ್ನೆ ಮೀಟರ್ ಬೋರ್ಡಿಗೆ ಹಿಡಿದೆ. ಒಂದು ಫ್ಯೂಸ್ ಹಿಡಿ 90 ಡಿಗ್ರಿ ದಾಟಿತ್ತು. ಅದರ ಹಿಂದಿನ ಮರದ ಹಲಗೆ ಆಗಲೇ ಕಪ್ಪಾಗಿತ್ತು.